ಸ್ಪೋರಿನ ಹೊರಕವಚವನ್ನು ಪರಮಾಣುಗಳ ಮಟ್ಟದಲ್ಲಿ ನೋಡುವುದು: ಪ್ರೋಟೀನ್ ಡೇಟಾ ಬ್ಯಾಂಕ್ ಬಳಸಿದ ಅನುಭವ

ಪದವಿ ತರಗತಿಯಲ್ಲಿ ಬ್ಯಾಕ್ಟೀರಿಯಾದ ಎಂಡೋಸ್ಪೋರ್, ಅಂದರೆ ಕಷ್ಟಕಾಲ ಕಳೆಯಲು ಕೆಲವು ಬ್ಯಾಕ್ಟೀರಿಯಾಗಳು ತಾಳುವ ಗಟ್ಟಿಯಾದ ಸುಪ್ತ ರೂಪದ ಪಾಠ ಬಂದಾಗಲೆಲ್ಲ ನಾನು ಹಲಗೆಯ ಮೇಲೆ ಒಂದರೊಳಗೊಂದು ಐದಾರು ವೃತ್ತಗಳನ್ನು ಎಳೆದು, ಒಳಗಿನಿಂದ ಹೊರಕ್ಕೆ ತಿರುಳು, ಒಳಪೊರೆ, ಕಾರ್ಟೆಕ್ಸ್, ಹೊರಪೊರೆ, ಕವಚ, ಎಕ್ಸೋಸ್ಪೋರಿಯಂ ಎಂದು ಹೆಸರಿಸುತ್ತಿದ್ದೆ. ಮಕ್ಕಳು ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆಯುತ್ತಿದ್ದರು. ಎರಡು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ, "ಮೇಡಂ, ಈ ಕವಚ ಯಾವುದರಿಂದ ಆಗಿರುತ್ತೆ?" ಎಂದು ಕೇಳಿದಳು. ಪ್ರೋಟೀನಿನಿಂದ ಎಂದೆ. "ಮೊಟ್ಟೆಯ ಬಿಳಿಭಾಗವೂ ಪ್ರೋಟೀನೇ ಅಲ್ವಾ ಮೇಡಂ? ಅದು ಬಿಸಿನೀರಿಗೆ ಹಾಕಿದ ತಕ್ಷಣ ಕೆಟ್ಟುಹೋಗುತ್ತೆ. ಇದಕ್ಕೆ ಯಾಕೆ ಏನೂ ಆಗಲ್ಲ?" ಎಂದಳು. ಆ ಪ್ರಶ್ನೆಗೆ ವೃತ್ತಗಳ ಚಿತ್ರದಲ್ಲಿ ಉತ್ತರವಿರಲಿಲ್ಲ. ಬೋಧನಾ ಸಾಮಗ್ರಿಗಳ ಅಂಗಡಿಯೊಂದರಿಂದ ಹಣ ಕೊಟ್ಟು ತಂದಿದ್ದ ಬಣ್ಣದ ಭಿತ್ತಿಪಟದಲ್ಲಂತೂ ಇಡೀ ಕವಚವನ್ನು ಒಂದೇ ಕಪ್ಪು ಗೆರೆಯಾಗಿ ಬಳಿದಿದ್ದರು. ಉತ್ತರ ಹುಡುಕುತ್ತ ನಾನು ತಲುಪಿದ್ದು ಪ್ರೋಟೀನ್ ಅಣುಗಳ ಮೂರು ಆಯಾಮದ ರಚನೆಗಳನ್ನು ಅಂತರ್ಜಾಲದಲ್ಲಿ ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಉಚಿತ ಸೇವೆಯನ್ನು. ಎರಡು ವರ್ಷಗಳಿಂದ ಇದೊಂದೇ ವಿಷಯಕ್ಕಾಗಿ ಅದನ್ನು ಬಳಸುತ್ತ ಬಂದಿದ್ದೇನೆ. ನನ್ನಂತೆ ಸಣ್ಣ ಊರಿನ ಕಾಲೇಜುಗಳಲ್ಲಿ ಪಾಠ ಮಾಡುವವರಿಗೂ ಕುತೂಹಲವುಳ್ಳ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ.

ಸೇವೆಯ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬರೀ 7 ರಚನೆಗಳೊಂದಿಗೆ ಆರಂಭವಾದ ಈ ಭಂಡಾರದಲ್ಲಿ 2023ರ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ರಚನೆಗಳು ಸೇರಿದ್ದವು. 2003ರಿಂದ ಅಮೆರಿಕ, ಯೂರೋಪ್ ಮತ್ತು ಜಪಾನಿನ ಕೇಂದ್ರಗಳು ಒಂದೇ ಸಂಗ್ರಹವನ್ನು ಜೊತೆಯಾಗಿ ನಡೆಸುತ್ತಿವೆ. ಹೊಸ ರಚನೆಗಳು ವಾರಕ್ಕೊಮ್ಮೆ, ನಮ್ಮ ಲೆಕ್ಕದಲ್ಲಿ ಬುಧವಾರ ಬೆಳಗ್ಗೆ 5.30ಕ್ಕೆ ಹೊರಬರುತ್ತವೆ. ನೋಂದಣಿ, ಶುಲ್ಕ, ಅನುಮತಿ ಪತ್ರ ಯಾವುದೂ ಬೇಡ. ಯಾರು ಬೇಕಾದರೂ ಯಾವ ಕಡತವನ್ನಾದರೂ ಇಳಿಸಿಕೊಂಡು ಹೇಗೆ ಬೇಕಾದರೂ ಬಳಸಬಹುದು. ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ಕಂಡುಕೊಂಡ ರಚನೆಗಳು ಹೀಗೆ ಎಲ್ಲರ ಕೈಗೂ ಸಿಗುವುದನ್ನು ನಾನು ಈ ಕಾಲದ ದೊಡ್ಡ ಸಾರ್ವಜನಿಕ ಕೆಲಸಗಳಲ್ಲಿ ಒಂದೆಂದು ಭಾವಿಸುತ್ತೇನೆ.

ನಾನು ಮೊದಲು ತೆರೆದದ್ದು 1ಡಬ್ಲ್ಯೂಸಿಕೆ ಎಂಬ ಸಂಕೇತದ ರಚನೆ. ದನಕರುಗಳಿಗೆ ಬರುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ನಮ್ಮ ರೈತರಿಗೆ ಹೊಸದಲ್ಲ. ಅದನ್ನು ತರುವ ಬ್ಯಾಸಿಲಸ್ ಆಂಥ್ರಾಸಿಸ್‌ನ ಸ್ಪೋರುಗಳು ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತವೆ. ಈ ಸ್ಪೋರಿನ ಕವಚದ ಸುತ್ತ ಸಡಿಲವಾದ ಚೀಲದಂತೆ ಎಕ್ಸೋಸ್ಪೋರಿಯಂ ಇರುತ್ತದೆ, ಅದರ ಮೇಲೆ ಕಂಬಳಿಯ ಜುಂಗಿನಂತೆ ನವಿರಾದ ಎಳೆಗಳು ಎದ್ದಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಜುಂಗನ್ನೂ ಅದರ ಕೆಳಗಿನ ಷಟ್ಕೋನಾಕಾರದ ಜಾಲರಿಯನ್ನೂ 1960ರ ದಶಕದಲ್ಲೇ ಕಂಡಿದ್ದರು. ಎಳೆಗಳು ಬಿಸಿಎಲ್‌ಎ ಎಂಬ ಪ್ರೋಟೀನಿನಿಂದಾದವು ಎಂದು ಗೊತ್ತಾದದ್ದು ಮಾತ್ರ 2002ರಲ್ಲಿ, ಫ್ರಾನ್ಸಿನ ಸಂಶೋಧಕರಿಂದ. ಅದರ ತುದಿಯ ಗುಂಡಿನಂಥ ಭಾಗದ ಹರಳಿನ ರಚನೆ, ಅಂದರೆ ಪ್ರೋಟೀನನ್ನು ಹರಳಾಗಿಸಿ ಎಕ್ಸ್-ಕಿರಣ ಹಾಯಿಸಿ ಕಂಡುಕೊಂಡ ರಚನೆ, 2005ರಲ್ಲಿ ಪ್ರಕಟವಾಯಿತು.

ಪರದೆಯ ಮೇಲೆ ಅದು ತಿರುಗುವುದನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷವನ್ನು ಇಲ್ಲಿ ಹೇಳಲೇಬೇಕು. ಚಪ್ಪಟೆ ಪಟ್ಟಿಗಳು ಎರಡು ಪದರವಾಗಿ ಒಂದರ ಮೇಲೊಂದು ಮಡಿಸಿಕೊಂಡಿರುವ ಈ ವಿನ್ಯಾಸಕ್ಕೆ ರಚನಾಶಾಸ್ತ್ರದವರು ಜೆಲ್ಲಿ ರೋಲ್ ಎನ್ನುತ್ತಾರೆ. ಇಂಥ ಮೂರು ಸರಪಳಿಗಳು ಒಂದಕ್ಕೊಂದು ಒತ್ತಿಕೊಂಡು ಗುಂಡಾಗಿವೆ. ಇದರ ಹತ್ತಿರದ ಹೋಲಿಕೆ ಇರುವುದು ನಮ್ಮದೇ ರಕ್ತದ ರೋಗನಿರೋಧಕ ವ್ಯವಸ್ಥೆಯ ಸಿ1ಕ್ಯೂ ಎಂಬ ಪ್ರೋಟೀನಿನೊಂದಿಗೆ. ಮಣ್ಣಿನ ಬ್ಯಾಕ್ಟೀರಿಯಾದ ಸ್ಪೋರಿನ ಮೈಮೇಲೂ ಸಸ್ತನಿಗಳ ರಕ್ತದಲ್ಲೂ ಒಂದೇ ಬಗೆಯ ಮಡಿಕೆ ಕಾಣುವುದನ್ನು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ನಾಟುವುದಿಲ್ಲ. ಎರಡನ್ನೂ ಅಕ್ಕಪಕ್ಕ ತೆರೆದು ತೋರಿಸಿದರೆ ತರಗತಿ ಒಂದು ನಿಮಿಷ ಸುಮ್ಮನಾಗುತ್ತದೆ.

ಆದರೆ ಇಲ್ಲಿಯೇ ಓದುಗರು ಎಚ್ಚರವಾಗಿರಬೇಕಾದ ಒಂದು ಸಂಗತಿಯಿದೆ. 1ಡಬ್ಲ್ಯೂಸಿಕೆಯಲ್ಲಿ ಕಾಣುವುದು ಬಿಸಿಎಲ್‌ಎಯ ತುದಿಯ ಗುಂಡು ಮಾತ್ರ, ಇಡೀ ಎಳೆಯಲ್ಲ. ಗುಂಡನ್ನು ಎತ್ತಿ ಹಿಡಿದಿರುವ ಉದ್ದನೆಯ ದಂಟು ನಮ್ಮ ಚರ್ಮ ಮತ್ತು ಮೂಳೆಗಳ ಕೊಲಾಜೆನ್‌ನಂತೆ, ಪ್ರೋಟೀನಿನ ಬಿಡಿ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲಿ ಪ್ರತಿ ಮೂರನೆಯದೂ ಗ್ಲೈಸೀನ್ ಆಗಿರುವ ಮೂರು ಸರಪಳಿಗಳ ಹುರಿ. ಬೇರೆ ಬೇರೆ ತಳಿಗಳಲ್ಲಿ ಹೀಗೆ ಮೂರು ಮೂರು ಅಮೈನೋ ಆಮ್ಲಗಳ ತ್ರಿವಳಿಗಳು 17ರಿಂದ 91ರವರೆಗೆ ಇರುತ್ತವೆ, ಆ ಎಣಿಕೆ ಹೆಚ್ಚಿದಷ್ಟೂ ಸ್ಪೋರಿನ ಜುಂಗು ಉದ್ದವಾಗುತ್ತದೆ. ದಂಟಿಗೆ ಸಕ್ಕರೆಯ ಅಣುಗಳೂ ಅಂಟಿಕೊಂಡಿರುತ್ತವೆ, ಅವುಗಳಲ್ಲಿ ಆಂಥ್ರೋಸ್ ಎಂಬ ವಿಶೇಷ ಸಕ್ಕರೆಯೂ ಒಂದು. ಇದೊಂದೂ ಆ ರಚನೆಯಲ್ಲಿ ಇಲ್ಲ. ಪುಟದ ಶೀರ್ಷಿಕೆಯಲ್ಲಿ ಇದು ತುದಿಯ ಭಾಗ ಎಂದು ಸ್ಪಷ್ಟವಾಗಿಯೇ ಬರೆದಿದೆ. ಆದರೆ ಬಣ್ಣದ ಚಿತ್ರ ನೋಡುವ ಉತ್ಸಾಹದಲ್ಲಿ ಶೀರ್ಷಿಕೆ ಓದದವರು ತೆನೆಯ ತುದಿಯನ್ನೇ ಇಡೀ ಗಿಡವೆಂದುಕೊಳ್ಳುವ ಅಪಾಯವಿದೆ. ಯಾವ ರಚನೆ ತೆರೆದರೂ ಅದು ಪ್ರೋಟೀನಿನ ಎಷ್ಟನೆಯ ಅಮೈನೋ ಆಮ್ಲದಿಂದ ಎಷ್ಟನೆಯದರವರೆಗೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕೆಂದು ನಾನು ಈಗ ಮಕ್ಕಳಿಗೆ ಪಾಠದ ಮೊದಲ ವಾಕ್ಯವಾಗಿಯೇ ಹೇಳುತ್ತೇನೆ.

ಎರಡನೆಯದಾಗಿ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಕಾಟ್‌ಎ ಎಂಬ ಪ್ರೋಟೀನ್, ಸಂಕೇತ 1ಜಿಎಸ್‌ಕೆ. ಪೋರ್ಚುಗಲ್ಲಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಈ ರಚನೆ 1.7 ಆಂಗ್‌ಸ್ಟ್ರಾಮ್‌ನಷ್ಟು ಸ್ಪಷ್ಟವಾಗಿದೆ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ, ಈ ಸಂಖ್ಯೆ ಕಡಿಮೆಯಿದ್ದಷ್ಟೂ ಚಿತ್ರ ಸ್ಪಷ್ಟ). ಸಬ್ಟಿಲಿಸ್ ಬೆಳೆಸಿದ ತಟ್ಟೆಯನ್ನು ಕೆಲವು ದಿನ ಬಿಟ್ಟರೆ, ಸ್ಪೋರುಗಳಾಗುತ್ತಿದ್ದಂತೆ ಕಾಲೊನಿಗಳು ಕಂದುಬಣ್ಣಕ್ಕೆ ತಿರುಗುವುದನ್ನು ಪ್ರಯೋಗಾಲಯದಲ್ಲಿ ಎಲ್ಲರೂ ನೋಡಿರುತ್ತಾರೆ. ಆ ಬಣ್ಣಕ್ಕೆ ಕಾರಣ ಹೊರಕವಚದಲ್ಲಿ ಕೂತಿರುವ ಈ ಕಿಣ್ವ. ಇದು ಲ್ಯಾಕೇಸ್ ಗುಂಪಿಗೆ ಸೇರಿದ್ದು, ಅದರೊಳಗೆ 4 ತಾಮ್ರದ ಪರಮಾಣುಗಳಿವೆ. ಪರದೆಯಲ್ಲಿ ಅವು ಪುಟ್ಟ ಗೋಲಿಗಳಂತೆ ಕಾಣುತ್ತವೆ, ಒಂದು ಪಕ್ಕಕ್ಕೆ ಒಂಟಿಯಾಗಿ, ಉಳಿದ ಮೂರು ಒಲೆಯ ಗುಂಡುಗಳಂತೆ ಒಟ್ಟಾಗಿ. ಒಂದು ಗೋಲಿಯ ಮೇಲೆ ಒತ್ತಿದರೆ ಚಿತ್ರ ಅಲ್ಲಿಗೇ ಹತ್ತಿರವಾಗಿ, ತಾಮ್ರವನ್ನು ಹಿಡಿದಿರುವ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲಗಳು ಕಡ್ಡಿಗಳ ರೂಪದಲ್ಲಿ ತೆರೆದುಕೊಳ್ಳುತ್ತವೆ. ತಟ್ಟೆಯ ಮೇಲಿನ ಕಂದುಬಣ್ಣವನ್ನೂ ಈ ನಾಲ್ಕು ಗೋಲಿಗಳನ್ನೂ ಒಂದೇ ತಾಸಿನಲ್ಲಿ ತೋರಿಸಲು ಸಾಧ್ಯವಾದದ್ದು ನನ್ನ ಬೋಧನೆಯಲ್ಲಿ ದೊಡ್ಡ ಬದಲಾವಣೆ.

ಆದರೂ ವಿದ್ಯಾರ್ಥಿನಿಯ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕಿದ್ದು ಮೂರನೆಯ ರಚನೆಯಲ್ಲಿ, 7ಎ02ರಲ್ಲಿ. ಬ್ಯಾಸಿಲಸ್ ಸೀರಿಯಸ್ ಗುಂಪಿನ ಅನೇಕ ಸ್ಪೋರುಗಳ ಮೈಯಿಂದ ಉದ್ದನೆಯ ನಾರುಗಳು ಹೊರಚಾಚಿರುತ್ತವೆ. ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ದಶಕಗಳಿಂದ ನೋಡುತ್ತಿದ್ದರೂ ಅವು ಯಾವ ಪ್ರೋಟೀನಿನಿಂದಾದವು ಎಂಬುದು ಗೊತ್ತಿರಲಿಲ್ಲ, ಏಕೆಂದರೆ ಅವನ್ನು ಬಿಡಿಬಿಡಿಯಾಗಿಸಿ ಪರೀಕ್ಷಿಸಲು ಹೋದರೆ ಅವು ಬಿಡಿಸಿಕೊಳ್ಳುತ್ತಲೇ ಇರಲಿಲ್ಲ. ನಾರ್ವೆ ಮತ್ತು ಬೆಲ್ಜಿಯಂನ ಸಂಶೋಧಕರು ನಾರುಗಳನ್ನು ಹಾಗೇ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಸುಮಾರು 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ನಕ್ಷೆ ಕಟ್ಟಿದರು. ಆ ನಕ್ಷೆಯಲ್ಲಿ ಕಂಡ ಉಬ್ಬುತಗ್ಗುಗಳ ಆಕಾರದಿಂದಲೇ ಅಮೈನೋ ಆಮ್ಲಗಳ ಸಾಲನ್ನು ಓದಿ, ಆ ಸಾಲಿಗೆ ಹೊಂದುವ ಜೀನನ್ನು ಬ್ಯಾಕ್ಟೀರಿಯಾದ ಜೀನೋಮಿನಲ್ಲಿ ಹುಡುಕಿ ತೆಗೆದರು. ಹೆಸರಿನಿಂದ ಆಕಾರಕ್ಕೆ ಹೋಗುವುದು ವಾಡಿಕೆ, ಇಲ್ಲಿ ಆಕಾರದಿಂದ ಹೆಸರಿಗೆ ಬಂದರು. 2021ರಲ್ಲಿ ಪ್ರಕಟವಾದ ಈ ಕೆಲಸದಿಂದ ಎನಾ ಎಂಬ ಹೊಸ ಪ್ರೋಟೀನ್ ಕುಟುಂಬವೇ ಬೆಳಕಿಗೆ ಬಂತು.

7ಎ02 ತೆರೆದಾಗ ಮೊದಲು ಕಾಣುವುದು ತಿರುಪಿನಂತೆ ಮೇಲೇರುವ ಒಂದು ಕೊಳವೆ. ಒಂದು ಸುತ್ತಿಗೆ ಹನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಘಟಕಗಳು ಬರುತ್ತವೆ, ಒಂದೊಂದು ಘಟಕವೂ ಬಿಸಿಎಲ್‌ಎಯಲ್ಲಿ ಕಂಡಂಥದೇ ಜೆಲ್ಲಿ ರೋಲ್. ಘಟಕಗಳು ಪಕ್ಕದಲ್ಲಿರುವವಕ್ಕೆ ಒರಗಿ ಕುಳಿತಿರುವುದಷ್ಟೇ ಆಗಿದ್ದರೆ ಈ ಗಟ್ಟಿತನ ಬರುತ್ತಿರಲಿಲ್ಲ. ಪ್ರತಿ ಘಟಕದ ಮೊದಲ ತುದಿ ಒಂದು ಸಡಿಲವಾದ ಕೈಯಂತೆ ಚಾಚಿಕೊಂಡು, ಕೆಳಗಿನ ಸುತ್ತಿನ ಘಟಕವನ್ನು ಮುಟ್ಟಿ, ಗಂಧಕವಿರುವ ಅಮೈನೋ ಆಮ್ಲವಾದ ಸಿಸ್ಟೀನ್‌ಗೆ ಸಿಸ್ಟೀನ್ ಬೆಸೆದು ಡೈಸಲ್ಫೈಡ್ ಬಂಧ, ಅಂದರೆ ಗಂಧಕಕ್ಕೂ ಗಂಧಕಕ್ಕೂ ನಡುವಿನ ಬಂಧ, ಹಾಕಿಕೊಂಡಿರುತ್ತದೆ. ಹೀಗಾಗಿ ನಾರು ಬಾಗುತ್ತದೆ, ಆದರೆ ಬಿಚ್ಚಿಕೊಳ್ಳುವುದಿಲ್ಲ. ಚಾಪೆಯ ಪ್ರತಿ ಎಳೆಯನ್ನೂ ಅದರ ಕೆಳಗಿನ ಎಳೆಗೆ ಗಂಟು ಹಾಕಿ ಹೆಣೆದಂತೆ ಇದೆ ಇದರ ಕಟ್ಟಡ. ಮೊಟ್ಟೆಯ ಬಿಳಿಭಾಗಕ್ಕೂ ಸ್ಪೋರಿನ ಹೊರಗಿನ ಪ್ರೋಟೀನಿಗೂ ಇರುವ ವ್ಯತ್ಯಾಸ ಇಲ್ಲಿದೆ: ಅಲ್ಲಿ ಅಣುಗಳು ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತವೆ, ಇಲ್ಲಿ ಸಾವಿರಾರು ಅಣುಗಳು ಗಟ್ಟಿ ಬಂಧಗಳಿಂದ ಕೂಡಿ ಒಂದೇ ವಸ್ತುವಾಗಿರುತ್ತವೆ.

ಈ ಉತ್ತರಕ್ಕೆ ಒಂದು ತಿದ್ದುಪಡಿಯನ್ನೂ ಸೇರಿಸಬೇಕು, ಏಕೆಂದರೆ ಇದು ಅಧ್ಯಾಪಕರಲ್ಲೂ ಆಗಾಗ ಕಾಣುವ ತಪ್ಪು ತಿಳಿವಳಿಕೆ. ಸ್ಪೋರು ಬಿಸಿಯನ್ನು ತಾಳುವುದು ಮುಖ್ಯವಾಗಿ ಕವಚದಿಂದಲ್ಲ. ನೀರು ಕಡಿಮೆಯಾಗಿ, ಡೈಪಿಕೊಲಿನಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ತುಂಬಿಕೊಂಡ ತಿರುಳಿನಿಂದ. ಕವಚದ ಕೆಲಸ ಬೇರೆ: ಲೈಸೋಜೈಮ್‌ನಂಥ ಕಿಣ್ವಗಳು ಕಾರ್ಟೆಕ್ಸಿಗೆ ತಲುಪದಂತೆ ತಡೆಯುವುದು, ಹಲವು ರಾಸಾಯನಿಕಗಳನ್ನು ಹೊರಗಿಡುವುದು, ಬ್ಯಾಕ್ಟೀರಿಯಾವನ್ನು ನುಂಗಿ ಬದುಕುವ ಟೆಟ್ರಾಹೈಮಿನಾದಂಥ ಏಕಕೋಶ ಜೀವಿಯ ಹೊಟ್ಟೆಯಲ್ಲಿ ಜೀರ್ಣವಾಗದೆ ಹೊರಬರುವಂತೆ ಸ್ಪೋರನ್ನು ಕಾಯುವುದು. ಅಂದರೆ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿ ನಿಜಕ್ಕೂ ಎರಡು ಪ್ರಶ್ನೆಗಳಿದ್ದವು. ಕವಚ ತಾನು ಹೇಗೆ ಉಳಿಯುತ್ತದೆ ಎಂಬುದಕ್ಕೆ ಈ ಸೇವೆ ಚಿತ್ರಸಮೇತ ಉತ್ತರಿಸುತ್ತದೆ. ಒಳಗಿನ ಜೀವ ಬಿಸಿಯಲ್ಲಿ ಹೇಗೆ ಉಳಿಯುತ್ತದೆ ಎಂಬುದಕ್ಕೆ ಬೇರೆ ಕಡೆ ಓದಬೇಕು.

ಇನ್ನು ಮಿತಿಗಳ ಮಾತು. ಸಬ್ಟಿಲಿಸ್‌ನ ಕವಚದಲ್ಲಿ 70ಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳಿವೆ. ಅವು ತಳದ ಪದರ, ಒಳಕವಚ, ಹೊರಕವಚ ಮತ್ತು ಅಂಚಿನ ಕ್ರಸ್ಟ್ ಎಂದು ನಾಲ್ಕು ಪದರಗಳಾಗಿ ಜೋಡಿಕೊಂಡಿವೆ. ಅವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಒಂದಕ್ಕೊಂದು ಬೆಸೆದುಕೊಂಡು ಯಾವ ದ್ರಾವಣದಲ್ಲೂ ಕರಗುವುದಿಲ್ಲ. ಹರಳಾಗಿಸಲು ಪ್ರೋಟೀನ್ ಮೊದಲು ಕರಗಬೇಕು. ಆದ್ದರಿಂದ ಕಾಟ್‌ಎಯಂಥ ಕಿಣ್ವಗಳು ಭಂಡಾರದಲ್ಲಿ ಸುಲಭವಾಗಿ ಸಿಗುತ್ತವೆ, ಅದರ ರೂಪಾಂತರಗಳೇ ಹಲವಾರಿವೆ. ಕವಚವನ್ನು ನಿಜವಾಗಿ ಕವಚವನ್ನಾಗಿ ಮಾಡುವ, ಕರಗದ, ಬೆಸೆದುಕೊಳ್ಳುವ ಪ್ರೋಟೀನ್‌ಗಳನ್ನು ಹುಡುಕಲು ಹೊರಟರೆ ದಾರಿ ಕಿರಿದಾಗುತ್ತದೆ. ಎಕ್ಸೋಸ್ಪೋರಿಯಂನ ಷಟ್ಕೋನ ಜಾಲರಿಯನ್ನೇ ನೋಡಿ. ಸಿಸ್ಟೀನ್ ತುಂಬಿರುವ ಎಕ್ಸ್‌ಎಸ್‌ವೈ ಎಂಬ ಪ್ರೋಟೀನ್ ಬೇರಾರ ಸಹಾಯವಿಲ್ಲದೆ ತಾನೇ ಹಾಳೆಯಾಗಿ ಜೋಡಿಕೊಂಡು ಈ ಜಾಲರಿ ಕಟ್ಟಬಲ್ಲದೆಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಆದರೆ 2017ರ ಆ ಕೆಲಸದ ಚಿತ್ರಗಳಲ್ಲಿ ಜಾಲರಿಯ ಆಕಾರ ಕಾಣುತ್ತದೆ, ಒಂದೊಂದು ಪರಮಾಣು ಕಾಣುವುದಿಲ್ಲ. ಇದು ಸೇವೆಯ ದೋಷವಲ್ಲ, ವಿಜ್ಞಾನ ತಲುಪಿದ ಗಡಿ. ಆದರೂ ಭಂಡಾರದಲ್ಲಿ ಸಿಕ್ಕ ರಚನೆಗಳನ್ನಷ್ಟೇ ಕೂಡಿಸಿ ಇದೇ ಸ್ಪೋರಿನ ಹೊರಮೈ ಎಂದು ತೀರ್ಮಾನಿಸುವವರು ಮೋಸಹೋಗುತ್ತಾರೆ. ಸುಲಭವಾಗಿ ಕರಗಿದ್ದು ಇಲ್ಲಿ ಹೆಚ್ಚು ಕಾಣುತ್ತದೆ, ಗಟ್ಟಿಯಾಗಿ ನಿಂತದ್ದು ಕಡಿಮೆ.

ಈ ಖಾಲಿ ಜಾಗಗಳನ್ನು ತುಂಬಲು 2022ರಿಂದ ಇದೇ ತಾಣದಲ್ಲಿ ಗಣಕದಿಂದ ಊಹಿಸಿದ ಮಾದರಿಗಳನ್ನೂ ಸೇರಿಸಿದ್ದಾರೆ, ಅವುಗಳಲ್ಲಿ ಹೆಚ್ಚಿನವು ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶದವು. ಪ್ರಯೋಗದಿಂದ ಬಂದ ರಚನೆಗೆ ಪ್ರಯೋಗಾಲಯದ ಫ್ಲಾಸ್ಕಿನ ಗುರುತು, ಊಹೆಯದಕ್ಕೆ ಕಂಪ್ಯೂಟರಿನ ಗುರುತು ಹಾಕಿ ಎರಡನ್ನೂ ಬೇರೆ ಮಾಡಿರುವುದು ಮೆಚ್ಚಬೇಕಾದ ಪ್ರಾಮಾಣಿಕತೆ. ಮಾದರಿಯ ಯಾವ ಭಾಗ ಎಷ್ಟು ನಂಬಲರ್ಹ ಎಂಬುದನ್ನು ಬಣ್ಣಗಳೇ ಹೇಳುತ್ತವೆ. ಗಾಢ ನೀಲಿಯಿದ್ದರೆ ಭರವಸೆಯಿಂದ ನೋಡಬಹುದು, ಕಿತ್ತಳೆಯಿದ್ದರೆ ಅಲ್ಲಿ ಆಕಾರವೆಂದು ಏನನ್ನೂ ಓದಬಾರದು. ಬಿಸಿಎಲ್‌ಎಯ ದಂಟಿಗೆ ಈ ಮಾದರಿಗಳನ್ನು ನೆಚ್ಚಿಕೊಳ್ಳಬೇಡಿ ಎಂದು ನಿರ್ದಿಷ್ಟವಾಗಿ ಹೇಳುತ್ತೇನೆ. ಕೊಲಾಜೆನ್ ಹುರಿಗೆ ಮೂರು ಸರಪಳಿಗಳು ಬೇಕು. ಒಂಟಿ ಸರಪಳಿಯ ಮಾದರಿಯಲ್ಲಿ ಹುರಿಯೇ ಹುಟ್ಟುವುದಿಲ್ಲ. ಸಕ್ಕರೆಗಳಂತೂ ಅದರಲ್ಲಿ ಇರುವುದೇ ಇಲ್ಲ.

ಕೊಲಾಜೆನ್ ಎಂದಾಗ ನಮ್ಮ ಬೆಂಗಳೂರಿನ ನೆನಪು ಬಾರದೆ ಇರದು. ಕೊಲಾಜೆನ್ನಿನ ಮೂರೆಳೆಯ ರಚನೆಯನ್ನು 1954-55ರಲ್ಲಿ ಮದ್ರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಂದಿಗೆ ಬಿಡಿಸಿದ ಜಿ. ಎನ್. ರಾಮಚಂದ್ರನ್ ಅವರು ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. 1963ರಲ್ಲಿ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರೊಡನೆ ಪ್ರಕಟಿಸಿದ ನಕ್ಷೆ, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬುದರ ಲೆಕ್ಕ. ಇಂದು ಪ್ರೋಟೀನ್ ಡೇಟಾ ಬ್ಯಾಂಕಿನ ಪ್ರತಿ ಪ್ರೋಟೀನ್ ರಚನೆಯ ಪುಟದಲ್ಲೂ ಗುಣಮಟ್ಟ ಹೇಳುವ ಕೆಂಪಿನಿಂದ ನೀಲಿಗೆ ಸಾಗುವ ಪಟ್ಟಿಗಳಿವೆ, ಅವುಗಳಲ್ಲೊಂದರ ಪಕ್ಕದಲ್ಲಿ ರಾಮಚಂದ್ರನ್ ಎಂಬ ಹೆಸರು ಇದೆ. ಗುರುತು ನೀಲಿಯ ಕಡೆ ಇದ್ದಷ್ಟೂ ರಚನೆ ಚೆನ್ನಾಗಿ ಕಟ್ಟಿದ್ದು ಎಂದರ್ಥ. ಈ ಪಟ್ಟಿಗಳನ್ನು ನೋಡದೆ ಯಾವ ರಚನೆಯನ್ನೂ ಪಾಠಕ್ಕೆ ಒಯ್ಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಸೇವೆಯ ಅತ್ಯಂತ ಬೆಲೆಬಾಳುವ ಭಾಗ ಚಿತ್ರಗಳಲ್ಲ, ಈ ಪಟ್ಟಿಗಳು.

ಬಳಕೆಯ ವಿಚಾರಕ್ಕೆ ಬಂದರೆ, ಏನನ್ನೂ ಅಳವಡಿಸಿಕೊಳ್ಳದೆ ಬ್ರೌಸರಿನಲ್ಲೇ ರಚನೆಯನ್ನು ತಿರುಗಿಸಿ ನೋಡಬಹುದು, ಮೊಬೈಲಿನಲ್ಲೂ ನಡೆಯುತ್ತದೆ. ಎನಾ ನಾರಿನಂಥ ಅನೇಕ ಸರಪಳಿಗಳ ರಚನೆಯನ್ನು ನಮ್ಮ ವಿಭಾಗದ ಹಳೆಯ ಕಂಪ್ಯೂಟರಿನಲ್ಲಿ ತೆರೆದಾಗ ಅದು ತಡವರಿಸಿತು, ಹೊಸ ಮೊಬೈಲಿನಲ್ಲಿ ಸಲೀಸಾಗಿ ಓಡಿತು. ಹುಡುಕುವಾಗ ಕವಚ ಎಂಬರ್ಥದ ಇಂಗ್ಲಿಷ್ ಪದವನ್ನಷ್ಟೇ ಕೊಟ್ಟರೆ ವೈರಸ್‌ಗಳ ಕವಚಗಳೆಲ್ಲ ಬಂದು ಸಾಲುಗಟ್ಟುತ್ತವೆ. ಸ್ಪೋರ್ ಎಂಬ ಪದವನ್ನು ಸೇರಿಸಿದರೂ ಎಸ್‌ಪಿಎಸ್‌ಎಯಂಥವು ಬರುತ್ತವೆ, ಅವು ಕವಚದ ಸಕ್ಕರೆಯನ್ನು ತಯಾರಿಸುವುದಕ್ಕೆ ಸಂಬಂಧಿಸಿದ ಕಿಣ್ವಗಳೇ ಹೊರತು ಕವಚವನ್ನು ಕಟ್ಟುವ ಪ್ರೋಟೀನ್‌ಗಳಲ್ಲ. ಬ್ಯಾಕ್ಟೀರಿಯಾದ ಹೆಸರನ್ನೂ ಪ್ರೋಟೀನಿನ ಹೆಸರನ್ನೂ ಒಟ್ಟಿಗೆ ಕೊಡುವುದೇ ಸರಿ. ಕಲಿಯುವವರಿಗಾಗಿಯೇ ಇರುವ ಪಿಡಿಬಿ-101 ಎಂಬ ವಿಭಾಗದಲ್ಲಿ 2000ದಿಂದ ತಿಂಗಳಿಗೊಂದು ಅಣುವಿನ ಪರಿಚಯ ಬರುತ್ತಿದೆ, ಬರವಣಿಗೆಯೂ ಚಿತ್ರಗಳೂ ಬಹಳ ಚೆನ್ನಾಗಿವೆ. ಆದರೆ ಯಾವುದೂ ಕನ್ನಡದಲ್ಲಿಲ್ಲ. ಅದನ್ನು ಅಮೆರಿಕದವರಿಂದ ನಿರೀಕ್ಷಿಸುವುದಕ್ಕಿಂತ ನಾವೇ ಬರೆಯಬೇಕಾದ ಕೆಲಸವೆಂದು ತಿಳಿದು ನಾನು ನಮ್ಮ ವಿಭಾಗದ ಮಟ್ಟಿಗೆ ಮೂರು ರಚನೆಗಳಿಗೆ ಕನ್ನಡ ಟಿಪ್ಪಣಿ ಸಿದ್ಧಪಡಿಸಿದ್ದೇನೆ. ಪ್ರೌಢಶಾಲೆಯ ಮಕ್ಕಳಿಗೆ ಈ ತಾಣವನ್ನು ನೇರವಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ, ಪಕ್ಕದಲ್ಲಿ ತಿಳಿದವರು ಇರಬೇಕು. ಪದವಿ ವಿದ್ಯಾರ್ಥಿಗಳಿಗೆ ಒಂದು ತಾಸಿನ ಮಾರ್ಗದರ್ಶನ ಸಾಕು.

ಮೊದಲ ಸಲ ಬಳಸುವವರು 7ಎ02ರಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ಈ ವರ್ಷದ ತರಗತಿಯಲ್ಲಿ ನಾನು ವೃತ್ತಗಳನ್ನು ಎಳೆಯುವ ಮೊದಲು ಅದನ್ನೇ ಗೋಡೆಯ ಮೇಲೆ ಹಾಕಿದೆ. ಮಕ್ಕಳು ಎರಡು ಸುತ್ತುಗಳ ನಡುವೆ ಹಳದಿ ಬಣ್ಣದ ಗಂಧಕದ ಪರಮಾಣುಗಳು ಜೊತೆಯಾಗಿ ಕೂತಿರುವ ಜಾಗವನ್ನು ತಾವೇ ಹುಡುಕಿದರು. ಒಬ್ಬ ಹುಡುಗ ಎದ್ದು ಬಂದು ಮೌಸ್ ಹಿಡಿದು, ಎರಡೂ ಪರಮಾಣುಗಳನ್ನು ಆರಿಸಿ ದೂರ ಅಳೆಯುವ ಆಯ್ಕೆಯನ್ನು ಒತ್ತಿದ. ಪರದೆಯ ಮೇಲೆ ಎರಡು ಆಂಗ್‌ಸ್ಟ್ರಾಮ್‌ನ ಆಸುಪಾಸಿನ ಸಂಖ್ಯೆ ಮೂಡಿತು. ಹಿಂದಿನ ಬೆಂಚಿನಿಂದ ಒಬ್ಬಳು, "ಇಷ್ಟು ಹತ್ತಿರ ಇದ್ರೆ ಅದು ಬಂಧಾನೇ ಮೇಡಂ" ಎಂದಳು. ಮುಂದಿನದನ್ನೂ ಅಳೆಯಲು ಹೇಳಿದೆ.